ಹ್ಯಾರಿಯೆಟ್ ಟಬ್ಮನ್ ಎಂಬಾಕೆಯ ಚರಿತ್ರೆ

ಬೀದರ ನಗರದಿಂದ ಭಾಲ್ಕಿಗೂ ಔರಾದಕ್ಕೂ ಹೋಗುವ ದಾರಿಗಳಲ್ಲಿ ಕಬ್ಬಿನ ಸುಗ್ಗಿ ಬಂತೆಂದರೆ ರಾತ್ರಿಯ ಪ್ರಯಾಣವು ಎಷ್ಟು ಅಪಾಯದ್ದೆಂಬದು ನಮ್ಮ ವಾಚಕರಿಗೆ ತಿಳಿಯದ ಸಂಗತಿಯಲ್ಲ. ಕಬ್ಬನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಹಿಂದೆ ದೀಪವಿಲ್ಲದೆ ಕತ್ತಲಲ್ಲಿ ನಿಂತಿರುತ್ತವೆ. ಹೀಗಿರಲಾಗಿ ನಮ್ಮ ಗ್ರಾಮಸಭೆಗಳಲ್ಲಿ ಒಂದಕ್ಕೆ ಸೇರಿದ ಒಬ್ಬ ಯೌವನಸ್ಥನು ಮೋಟಾರು ಸೈಕಲ್ಲಿನ ಮೇಲೆ ಊರಿಗೆ ಹಿಂತಿರುಗುವಾಗ ಅಂಥದೊಂದು ಬಂಡಿಗೆ ತಗಲಿ ಬಿದ್ದನು. ತಲೆಗೆ ಹೆಲ್ಮೆಟ್ಟು ಇರಲಿಲ್ಲ. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಗಾಯವು ಮಾಯಿತು, ಕೂದಲು ಬೆಳೆಯಿತು. ಆದರೆ ತಲೆನೋವು ಮಾತ್ರ ಹೋಗಲಿಲ್ಲ. ಬಿಸಿಲಿಗೆ ಹೋದರೆ ನೋವು, ಡೋಲಕ್ಕಿನ ಸದ್ದಿಗೆ ನೋವು, ಬಗ್ಗಿ ತೊಗರಿ ಕೊಯ್ಯಲು ಹೋದರೆ ಕಣ್ಣು ಕತ್ತಲೆ. ತಂದೆಯು ಇದನ್ನು ಮೈಗಳ್ಳತನವೆಂದನು. ಓಣಿಯವರು ಗಾಳಿ ಸೋಕಿತೆಂದು ನಿಂಬೆಹಣ್ಣು ಇಳಿಸಿದರು. ಇವರಿಬ್ಬರಿಗಿಂತಲೂ ತಪ್ಪು ಮಾಡಿದವರು ನಾವೇ. ಯಾಕಂದರೆ ಒಂದು ಆದಿತ್ಯವಾರ ಸಭೆಯವರೆಲ್ಲರ ಮುಂದೆ ಆತನಿಗಾಗಿ ಪ್ರಾರ್ಥಿಸುವಾಗ ಆತನ ವಿಶ್ವಾಸದ ಕೊರತೆಯನ್ನು ಕರ್ತನು ನೀಗಿಸಲಿ ಎಂಬ ಮಾತನ್ನು ಸೇರಿಸಿದೆವು. ಅಂದಿನಿಂದ ಎರಡು ತಿಂಗಳು ಆತನು ಆರಾಧನೆಗೆ ಬರಲಿಲ್ಲ.

ಆ ಎರಡು ತಿಂಗಳೊಳಗೆ ನಾವು ಹ್ಯಾರಿಯೆಟ್ ಟಬ್ಮನ್ ಎಂಬ ದೈವಭಕ್ತೆಯ ಜೀವಚರಿತ್ರೆಯನ್ನು ಓದಿದೆವು. ಓದಿ ನಾಚಿಕೆಪಟ್ಟೆವು. ಅದನ್ನು ನಮ್ಮ ಗ್ರಾಮದ ಸಹೋದರ ಸಹೋದರಿಯರಿಗೂ ತಿಳಿಸಬೇಕೆಂದು ಇಲ್ಲಿ ಬರೆಯುತ್ತಿದ್ದೇವೆ.

ಈಕೆಯು ಅಮೇರಿಕಾ ದೇಶದ ಮೇರಿಲ್ಯಾಂಡ್ ಎಂಬ ಸೀಮೆಯ ಡಾರ್ಚೆಸ್ಟರ್ ಜಿಲ್ಲೆಯಲ್ಲಿ ದಾಸತ್ವದಲ್ಲಿ ಹುಟ್ಟಿದಳು. ದಾಸರ ಮಕ್ಕಳ ಜನ್ಮದಿನವನ್ನು ಬರೆದಿಡುವ ಪದ್ಧತಿ ಅಲ್ಲಿ ಇರಲಿಲ್ಲ. 1822ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಸೂಲಗಿತ್ತಿಗೆ ಹಣ ಕೊಟ್ಟ ಒಂದು ಲೆಕ್ಕದಿಂದ ಆಕೆಯು ಆ ಕಾಲದಲ್ಲಿ ಹುಟ್ಟಿರಬೇಕೆಂದು ಚರಿತ್ರಕಾರರು ಎಣಿಸುತ್ತಾರೆ. ತಂದೆಯ ಹೆಸರು ಬೆನ್ ರಾಸ್, ತಾಯಿಯ ಹೆಸರು ರಿಟ್. ಮಗುವಿಗೆ ಅರಮಿಂಟಾ ಎಂದು ಹೆಸರಿಟ್ಟು ಮಿಂಟಿ ಎಂದು ಕರೆಯುತ್ತಿದ್ದರು. ದಾಸತ್ವವೆಂದರೆ ಏನೆಂದು ನಮ್ಮ ಸೀಮೆಯವರಿಗೆ ಬಹಳ ವಿವರಿಸಬೇಕಾಗಿಲ್ಲ. 1976ರ ಕಾಯಿದೆಯು ಜೀತವನ್ನು ನಿಷೇಧಿಸುವ ಮುಂಚೆ ಸಾಲಕ್ಕಾಗಿ ಗೌಡರ ಮನೆಯಲ್ಲಿ ದುಡಿದವರ ಮೊಮ್ಮಕ್ಕಳು ನಮ್ಮ ಸಭೆಗಳಲ್ಲಿ ಇದ್ದಾರೆ. ಆದರೂ ಒಂದು ಭೇದವುಂಟು. ಅಲ್ಲಿ ಮನುಷ್ಯನನ್ನೇ ದನದಂತೆ ಮಾರುತ್ತಿದ್ದರು. ಮಿಂಟಿಯ ಅಕ್ಕಂದಿರಲ್ಲಿ ಮೂವರನ್ನು ಯಜಮಾನನು ದೂರದೇಶಕ್ಕೆ ಮಾರಿಬಿಟ್ಟನು. ಅವರ ಮುಖವನ್ನು ತಾಯಿಯು ಮತ್ತೆ ಕಾಣಲಿಲ್ಲ. ಕಿರಿಯ ಮಗನಾದ ಮೋಶೆಯನ್ನು ಕೊಳ್ಳಲು ಜನರು ಬಂದಾಗ ಮಾತ್ರ ಆ ತಾಯಿಯು ಅವನನ್ನು ಬಚ್ಚಿಟ್ಟು, ಗುಡಿಸಲಿನೊಳಗೆ ಕಾಲಿಟ್ಟವನ ತಲೆ ಒಡೆಯುವೆನೆಂದು ಬಾಗಲಲ್ಲಿ ನಿಂತಳು. ಮಾರಾಟವು ನಿಂತುಹೋಯಿತು. ಓದಲು ಬಾರದ ಆ ತಾಯಿಯೇ ಮಕ್ಕಳಿಗೆ ಸತ್ಯವೇದದ ಕಥೆಗಳನ್ನು ಬಾಯಿಂದ ಬಾಯಿಗೆ ಕಲಿಸಿದಳು. ಮಿಂಟಿಯೂ ಜೀವಮಾನದಲ್ಲಿ ಅಕ್ಷರ ಕಲಿಯಲಿಲ್ಲ.

ಆರೇಳು ವರುಷದ ವಯಸ್ಸಿನಿಂದಲೇ ಆಕೆಯನ್ನು ಪರರ ಮನೆಗೆ ಬಾಡಿಗೆಗೆ ಕೊಟ್ಟರು. ಒಂದು ಮನೆಯಲ್ಲಿ ರಾತ್ರಿಯೆಲ್ಲಾ ಕೂಸಿನ ತೊಟ್ಟಿಲು ತೂಗಬೇಕಾಗಿತ್ತು. ಕೂಸು ಅತ್ತರೆ ಈಕೆಗೆ ಚಾವಟಿಯ ಏಟು. ಇನ್ನೊಂದು ಕಡೆಯಲ್ಲಿ ದಡಾರದ ಜ್ವರ ಬಂದಿರುವಾಗಲೂ ಚಳಿನೀರಿನಲ್ಲಿ ಇಳಿದು ಬೇಟೆಯ ಬೋನುಗಳನ್ನು ನೋಡಿ ಬರಬೇಕಾಗಿತ್ತು.

ಆಕೆಗೆ ಸುಮಾರು 13 ವರುಷವಾಗಿದ್ದಾಗ ಈ ಚರಿತ್ರೆಯ ಮುಖ್ಯ ಸಂಗತಿ ನಡೆಯಿತು. ಆ ವರುಷ ಆಕೆಯು ಒಬ್ಬ ರೈತನ ಹೊಲದಲ್ಲಿ ಅಗಸೆಯ ನಾರು ಬಡಿಯುವ ಕೆಲಸದಲ್ಲಿದ್ದಳು. ನಾರಿನ ಧೂಳು ತುಂಬಿದ ಕೂದಲು ಬಾಚಣಿಗೆಯನ್ನೇ ಕಾಣದೆ ಬುಟ್ಟಿಯಂತೆ ಎದ್ದು ನಿಂತಿತ್ತು. ಒಂದು ಸಾಯಂಕಾಲ ಮನೆಯ ಅಡುಗೆಯವಳ ಸಂಗಡ ಬಕ್‌ಟೌನ್ ಎಂಬ ಊರಿನ ಕೂಡುದಾರಿಯಲ್ಲಿದ್ದ ಕಿರಾಣಿ ಅಂಗಡಿಗೆ ಸಾಮಾನು ತರಲು ಹೋದಳು. ಕೂದಲಿನ ಅವಸ್ಥೆಗೆ ನಾಚಿ ತಲೆಗೆ ಒಂದು ಶಾಲನ್ನು ಹೊದ್ದುಕೊಂಡಿದ್ದಳು. ಅದೇ ಹೊತ್ತಿನಲ್ಲಿ ಬೇರೊಬ್ಬನ ಹೊಲದ ದಾಸನು ಅಪ್ಪಣೆಯಿಲ್ಲದೆ ಕೆಲಸ ಬಿಟ್ಟು ಬಂದಿದ್ದನು. ಅವನ ಮೇಲ್ವಿಚಾರಕನು ಬೆನ್ನಟ್ಟಿ ಬಂದು, ಅವನನ್ನು ಕಟ್ಟಲಿಕ್ಕೆ ಸಹಾಯಮಾಡೆಂದು ಈ ಹುಡುಗಿಗೆ ಆಜ್ಞಾಪಿಸಿದನು. ಈಕೆಯು ಒಲ್ಲೆನೆಂದಳು. ದಾಸನು ಬಾಗಲು ದಾಟಿ ಓಡಿದನು. ಮೇಲ್ವಿಚಾರಕನು ಅಂಗಡಿಯ ಕಟ್ಟೆಯ ಮೇಲಿದ್ದ ಎರಡು ಪೌಂಡಿನ ತೂಕದ ಕಲ್ಲನ್ನು ಎತ್ತಿ ಅವನ ಕಡೆಗೆ ಬೀಸಿದನು. ಅದು ಗುರಿ ತಪ್ಪಿ ಬಾಗಲಲ್ಲಿ ನಿಂತಿದ್ದ ಹುಡುಗಿಯ ತಲೆಗೆ ಬಡಿಯಿತು. ಎರಡು ಪೌಂಡೆಂದರೆ ನಮ್ಮ ಹಿರಿಯರು ಸಂತೆಯಲ್ಲಿ ಬಳಸುತ್ತಿದ್ದ ಸೇರಿನ ಕಲ್ಲಿಗಿಂತ ತುಸುವೇ ಕಡಿಮೆ. ತಲೆಬುರುಡೆಯು ಬಿರಿಯಿತು, ಶಾಲಿನ ಒಂದು ಚೂರು ಗಾಯದೊಳಕ್ಕೆ ಹೊಕ್ಕಿತು. ಆ ದಟ್ಟವಾದ ಕೂದಲಿನಿಂದಲೇ ತನ್ನ ಪ್ರಾಣ ಉಳಿದಿರಬಹುದೆಂದು ಆಕೆಯು ಮುಂದೆ ಹೇಳುತ್ತಿದ್ದಳು.

ರಕ್ತ ಸುರಿಯುತ್ತಿದ್ದ ಆಕೆಯನ್ನು ಹೊತ್ತು ತಂದು, ಮಂಚವಾದರೂ ಇಲ್ಲದ್ದರಿಂದ, ಮಗ್ಗದ ಹಲಿಗೆಯ ಮೇಲೆ ಮಲಗಿಸಿದರು. ವೈದ್ಯನನ್ನು ಕರೆಯಲಿಲ್ಲ. ಹೀಗೆಯೇ ಎರಡು ದಿವಸ ಬಿದ್ದಿದ್ದಳು. ಬಳಿಕ ಎಬ್ಬಿಸಿ ಹೊಲಕ್ಕೆ ಕಳುಹಿಸಿದರು. ಕಣ್ಣು ಕಾಣದಂತೆ ರಕ್ತವೂ ಬೆವರೂ ಮುಖದ ಮೇಲೆ ಇಳಿಯುತ್ತಿರಲು ಕೆಲಸ ಮಾಡಿದಳು. ಇನ್ನು ಈಕೆಯು ಕೆಲಸಕ್ಕೆ ಬಾರಳೆಂದು ಯಜಮಾನನಾದ ಎಡ್ವರ್ಡ್ ಬ್ರೋಡೆಸ್ ಎಂಬವನು ಮಾರಲು ನೋಡಿದನು. ಕೊಳ್ಳುವವರು ಬಂದು ನೋಡಿ, ಕವಡೆಯ ಬೆಲೆಯೂ ಇಲ್ಲವೆಂದು ಹಿಂದಿರುಗಿದರು.

ಅಂದಿನಿಂದ ಮೂರು ಬಗೆಯ ಬಾಧೆ ಆಕೆಯನ್ನು ಹಿಡಿದವು. ಮೊದಲನೆಯದು, ತಲೆಯನ್ನು ಸೀಳುವಂಥ ನೋವು, ಮತ್ತು ಅದರ ಜೊತೆಗೆ ಕಿವಿಯೊಳಗೆ ಜೇನುಹುಳ ಗುಂಯ್‌ಗುಟ್ಟಿದಂಥ ಸದ್ದು. ಇವೆರಡೂ ರಾತ್ರಿಯ ನಿದ್ದೆಯನ್ನು ಕೆಡಿಸುತ್ತಿದ್ದವು. ಎರಡನೆಯದು, ಹಗಲಿನಲ್ಲಿ ತಾನಾಗಿ ಕವಿಯುವ ಒಂದು ಮಂಪರು. ಮಾತಾಡುತ್ತಾ ಕೂತಿರುವಾಗಲೇ ತಲೆ ಎದೆಯ ಮೇಲೆ ಬೀಳುವದು. ಎಷ್ಟು ಅಲುಗಿಸಿದರೂ ಏಳಳು. ಕೆಲವು ನಿಮಿಷಗಳಾದ ಮೇಲೆ ಕಣ್ಣು ತೆರೆದು, ಬಿಟ್ಟಿದ್ದ ಮಾತನ್ನು ಅಲ್ಲಿಂದಲೇ ಮುಂದುವರಿಸುವಳು. ಮೂರನೆಯದು, ಆ ಮಂಪರಿನಲ್ಲಿಯೂ ನಿದ್ದೆಯಲ್ಲಿಯೂ ಕಾಣುತ್ತಿದ್ದ ದರ್ಶನಗಳು. ದೇವರು ತನ್ನ ಸಂಗಡ ಮಾತಾಡುತ್ತಾನೆಂದು ಆಕೆಯು ದೃಢವಾಗಿ ನಂಬಿದ್ದಳು. ಮಿದುಳಿಗೆ ಬಿದ್ದ ಪೆಟ್ಟಿನಿಂದ ಹುಟ್ಟಿದ ಮೂರ್ಛೆರೋಗದ ಒಂದು ವಿಧ ಇದಾಗಿರಬಹುದೆಂದು ಈಚಿನ ಚರಿತ್ರಕಾರರು ಬರೆಯುತ್ತಾರೆ. ನಮ್ಮ ಅಭಿಪ್ರಾಯವೇನೆಂದರೆ, ಇವೆರಡು ಮಾತುಗಳನ್ನು ಒಂದಕ್ಕೊಂದು ಹಚ್ಚಿ ಜಗಳವಾಡಿಸುವ ಅಗತ್ಯವಿಲ್ಲ. ಒಡೆದ ಮಡಕೆಯಲ್ಲಿಯೂ ಕರ್ತನು ನೀರು ತುಂಬಬಲ್ಲನು. ಆದರೆ ನಮ್ಮ ಊರುಗಳಲ್ಲಿ ಮೂರ್ಛೆ ಬಂದವರ ಬಾಯಿಂದ ಭವಿಷ್ಯ ಕೇಳಲು ಜನರು ಸುತ್ತುಗಟ್ಟುವದನ್ನು ನಾವು ಕಂಡಿದ್ದೇವೆ, ಅದು ಸರಿಯಲ್ಲ. ಹ್ಯಾರಿಯೆಟ್ಟಳು ತನ್ನ ದರ್ಶನಗಳಿಗೆ ಕಾಣಿಕೆ ತೆಗೆದುಕೊಂಡವಳಲ್ಲ.

ಇಂಥ ದೇಹಸ್ಥಿತಿಯಲ್ಲಿ ಆಕೆಯು ಹೇಗೆ ಬದುಕಿದಳೆಂಬದನ್ನು ಕೇಳಿರಿ. ಮನೆಯೊಳಗಿನ ಕೆಲಸವನ್ನು ಎಂದೂ ಬಯಸದೆ ಬಯಲಿನ ಕೆಲಸವನ್ನೇ ಹಿಡಿದಳು. ಆಕೆಯ ತಂದೆಯು ಮರ ಕಡಿಯುವ ಕೆಲಸದ ಮೇಸ್ತ್ರಿಯಾಗಿದ್ದನು. 1840ರಲ್ಲಿ ಹಳೆಯ ಯಜಮಾನನ ಮರಣಪತ್ರದ ಪ್ರಕಾರ ಅವನಿಗೆ ಬಿಡುಗಡೆಯಾಗಿತ್ತು. ತಂದೆಯ ಸಂಗಡ ಕಾಡಿನಲ್ಲಿ ಮರ ಕಡಿದು, ದಿಮ್ಮಿ ಎಳೆದು, ಎತ್ತು ಹೊಡೆದು, ಗಂಡಸರಿಗೆ ಸಮವಾಗಿ ದುಡಿದಳು. ಯಜಮಾನನಿಗೆ ವರುಷಕ್ಕೆ ಇಷ್ಟೆಂದು ಹಣ ಕಟ್ಟಿ, ತನ್ನ ದಿನಗಳನ್ನು ತಾನೇ ಬಾಡಿಗೆಗೆ ತೆಗೆದುಕೊಂಡು, ಮಿಕ್ಕ ಹಣದಿಂದ 40 ಡಾಲರು ಬೆಲೆಯ ಒಂದು ಜೊತೆ ಹೋರಿಗಳನ್ನು ಕೊಂಡಳು. ಎತ್ತಿನ ಜೋಡಿ ಇದ್ದವನ ಮಾನವೇನೆಂದು ಬಲ್ಲ ಔರಾದ ಸೀಮೆಯ ಒಕ್ಕಲಿಗರು ಇದನ್ನು ಮೆಚ್ಚದೆ ಇರಲಾರರು. ನೋವು ಬಂದ ದಿನ ಕಡಿಮೆ ದುಡಿದು, ನೋವು ಇಳಿದ ದಿನ ಹೆಚ್ಚು ದುಡಿಯುವದಕ್ಕೆ ಇದು ದಾರಿಯಾಗಿದ್ದಿರಬೇಕೆಂದು ನಮಗೆ ತೋರುತ್ತದೆ. 1844ರ ಸುಮಾರಿಗೆ ಜಾನ್ ಟಬ್ಮನ್ ಎಂಬ ಬಿಡುಗಡೆಯಾದವನನ್ನು ಮದುವೆಯಾಗಿ, ತಾಯಿಯ ಪೂರ್ಣನಾಮವಾದ ಹ್ಯಾರಿಯೆಟ್ ಎಂಬ ಹೆಸರನ್ನು ತನ್ನದಾಗಿ ಮಾಡಿಕೊಂಡಳು.

1849ನೇ ಇಸವಿಯ ಆರಂಭದಲ್ಲಿ ಆಕೆಯು ಕಾಯಿಲೆಯಲ್ಲಿ ಮಲಗಿದ್ದಾಗ ಯಜಮಾನನು ಮತ್ತೆ ಆಕೆಯನ್ನು ಮಾರಲು ಜನರನ್ನು ಕರೆತಂದನು. ಅವನ ಮನಸ್ಸನ್ನು ತಿರುಗಿಸೆಂದು ಆಕೆಯು ಹಗಲಿರುಳು ದೇವರನ್ನು ಬೇಡಿದಳು. ಅವನು ತಿರುಗಲಿಲ್ಲ. ಆಗ ಅವನನ್ನು ಈ ಲೋಕದಿಂದ ತೆಗೆದುಬಿಡೆಂದು ಬೇಡಿದಳು. ಮಾರ್ಚ್ ತಿಂಗಳಲ್ಲಿ ಅವನು ಸತ್ತನು. ಆಕೆಯು ಹಿಗ್ಗಲಿಲ್ಲ, ಆ ಪ್ರಾರ್ಥನೆಗಾಗಿ ಬಹಳ ಪಶ್ಚಾತ್ತಾಪಪಟ್ಟಳು. ಬಾಯಿತಪ್ಪಿ ಪ್ರಾರ್ಥಿಸಿದ ನಮ್ಮಂಥವರಿಗೆ ಈ ಭಾಗವು ಚೆನ್ನಾಗಿ ಅರ್ಥವಾಗುತ್ತದೆ.

ಯಜಮಾನನ ಸಾಲಕ್ಕಾಗಿ ದಾಸರನ್ನು ಮಾರುವರೆಂಬ ಸುದ್ದಿ ಹಬ್ಬಲು, ಆಕೆಯು 1849ರ ಸೆಪ್ಟೆಂಬರ್ 17ರಂದು ತಮ್ಮಂದಿರಿಬ್ಬರ ಸಂಗಡ ತಪ್ಪಿಸಿಕೊಂಡು ಹೊರಟಳು. ಯಜಮಾನನ ವಿಧವೆಯು ಇವರನ್ನು ಹಿಡಿದುಕೊಟ್ಟವರಿಗೆ ಬಹುಮಾನವೆಂದು ಪತ್ರಿಕೆಯಲ್ಲಿ ಪ್ರಕಟಣೆ ಹಾಕಿಸಿದಳು. ಅದು ಈಗಲೂ ಉಳಿದಿದೆ. ಮಿಂಟಿಯ ವಯಸ್ಸು ಸುಮಾರು 27, ಎತ್ತರ ಸುಮಾರು 5 ಅಡಿ, ಬಣ್ಣ ಇಂಥದು, ನೋಡಲು ಲಕ್ಷಣವಂತಳು ಎಂದು ಅದರಲ್ಲಿ ಬರೆದಿದೆ. ತಲೆಯ ಬಾಧೆಯ ವಿಷಯವಾಗಿ ಒಂದು ಮಾತೂ ಇಲ್ಲ. 13 ವರುಷಗಳಿಂದ ಮನೆಯಲ್ಲಿಯೇ ಇದ್ದ ನೋವು ಮನೆಯವರ ಕಣ್ಣಿಗೆ ಗುರುತಾಗಿ ಕಾಣಲಿಲ್ಲ. ನಮ್ಮ ಯೌವನಸ್ಥನ ಕೂದಲು ಬೆಳೆದ ಮೇಲೆ ನಮಗೂ ಕಾಣಲಿಲ್ಲ.

ತಮ್ಮಂದಿರು ಹೆದರಿ ಹಿಂದಿರುಗಿದರು. ಆಕೆಯು ಒಬ್ಬಳೇ ಪುನಃ ಹೊರಟು, ಉತ್ತರದ ನಕ್ಷತ್ರವನ್ನು ನೋಡಿಕೊಂಡು, ರಾತ್ರಿಯಲ್ಲಿ ನಡೆದು ಹಗಲಿನಲ್ಲಿ ಅಡಗಿ, ದಾಸತ್ವವಿಲ್ಲದ ಪೆನ್ಸಿಲ್ವೇನಿಯಾ ಸೀಮೆಯನ್ನು ದಾಟಿ ಫಿಲಡೆಲ್ಫಿಯ ಪಟ್ಟಣವನ್ನು ಸೇರಿದಳು. ಅಲ್ಲಿ ಕೂಲಿಮಾಡಿ ಹಣ ಕೂಡಿಸಿದಳು. ತಾನೊಬ್ಬಳು ಬಿಡುಗಡೆಯಾದರೆ ಸಾಲದೆಂದು ಆಕೆಯ ಮನಸ್ಸು ತಾಯಿತಂದೆಗಳ ಕಡೆಗೂ ಒಡಹುಟ್ಟಿದವರ ಕಡೆಗೂ ಎಳೆಯಿತು. 1850ರಲ್ಲಿ ಓಡಿಹೋದ ದಾಸರನ್ನು ಎಲ್ಲಿಂದಲಾದರೂ ಹಿಡಿದು ಒಪ್ಪಿಸಬೇಕೆಂಬ ಕಾಯಿದೆ ಬಂದಿತು. ಅದೇ ವರುಷದ ಡಿಸೆಂಬರದಲ್ಲಿ ಆಕೆಯು ತನ್ನ ಸಂಬಂಧಿಕಳಾದ ಕೆಸಾಯಳನ್ನೂ ಅವಳ ಮಕ್ಕಳನ್ನೂ ಬಿಡಿಸುವದಕ್ಕೆ ಸಹಾಯಮಾಡಿದಳು. ಮುಂದಿನ ವರುಷ ಗಂಡನನ್ನು ಕರೆತರಲು ಹೋದರೆ ಅವನು ಬೇರೊಬ್ಬಳನ್ನು ಮಾಡಿಕೊಂಡಿದ್ದನು. ದುಃಖಪಟ್ಟಳು, ಆದರೆ ಬರಿಗೈಯಲ್ಲಿ ಹಿಂದಿರುಗದೆ, ಬಿಡುಗಡೆ ಬಯಸಿದ ಬೇರೆ ಕೆಲವರನ್ನು ಕರಕೊಂಡು ಬಂದಳು.

ಹೀಗೆ 1860ರ ವರೆಗೆ ಸುಮಾರು 13 ಸಾರಿ ಆ ಅಪಾಯದ ಸೀಮೆಗೆ ಹೋಗಿ ಸುಮಾರು 70 ಮಂದಿಯನ್ನು ಕರೆತಂದಳು. 19 ಸಾರಿ ಹೋಗಿ 300 ಮಂದಿಯನ್ನು ತಂದಳೆಂದು ಹಳೆಯ ಪುಸ್ತಕದಲ್ಲಿ ಬರೆದಿರುವದನ್ನು ಅನೇಕರು ಇನ್ನೂ ಹೇಳುತ್ತಾರೆ. ದಾಖಲೆಗಳನ್ನು ಶೋಧಿಸಿದವರು ಅದನ್ನು ಒಪ್ಪುವದಿಲ್ಲ. 70 ಮಂದಿಯೇ ಸಾಕಷ್ಟು ದೊಡ್ಡ ಸಂಖ್ಯೆ. ಹೆಚ್ಚಾಗಿ ರಾತ್ರಿಗಳು ಉದ್ದವಾಗಿರುವ ಚಳಿಗಾಲದಲ್ಲಿ ಹೋಗುವಳು. ಶನಿವಾರ ರಾತ್ರಿ ಹೊರಡಿಸುವಳು, ಯಾಕಂದರೆ ಸೋಮವಾರದ ವರೆಗೆ ಪತ್ರಿಕೆಯಲ್ಲಿ ಪ್ರಕಟಣೆ ಅಚ್ಚಾಗದು. ಅಳುವ ಕೂಸುಗಳಿಗೆ ನಿದ್ದೆಯ ಔಷಧ ಕುಡಿಸುವಳು. ವಿಲ್ಮಿಂಗ್ಟನ್ ಪಟ್ಟಣದಲ್ಲಿ ಥಾಮಸ್ ಗ್ಯಾರೆಟ್ ಎಂಬ ಕ್ವೇಕರ್ ಪಂಗಡದ ವರ್ತಕನು ಅವರಿಗೆ ಪಾದರಕ್ಷೆಗಳನ್ನೂ ಹಣವನ್ನೂ ಕೊಟ್ಟು ಮುಂದಕ್ಕೆ ಸಾಗಿಸುವನು. ಐಗುಪ್ತದಿಂದ ಜನರನ್ನು ಹೊರಡಿಸಿದ ಮೋಶೆಯ ಹೆಸರು ಆಕೆಗೆ ಅಡ್ಡಹೆಸರಾಯಿತು.

ಈ ಪ್ರಯಾಣಗಳಲ್ಲಿ ತಲೆಯ ಬಾಧೆಯು ಆಕೆಯನ್ನು ಬಿಟ್ಟಿತೋ? ಬಿಡಲಿಲ್ಲ. ಕಾಡಿನ ನಡುವೆ, ಹಿಂದೆ ಹಿಡಿಯುವವರು ಬರುತ್ತಿರುವಾಗಲೇ, ಆಕೆಗೆ ಮಂಪರು ಕವಿಯುತ್ತಿತ್ತು. ದಾರಿಯ ಬದಿಯಲ್ಲಿ ಕುಸಿದು ನಿದ್ದೆಹೋಗುವಳು. ಎಬ್ಬಿಸಿದರೆ ಏಳಳು. ಸಂಗಡ ಇದ್ದವರು, ಕೂಸು ಹೊತ್ತ ತಾಯಂದಿರು ಸಹ, ಉಸಿರು ಬಿಗಿಹಿಡಿದು ಆಕೆಯ ಸುತ್ತಲೂ ಕೂತು ಕಾಯುತ್ತಿದ್ದರು. ಆಕೆಯು ಎದ್ದ ಮೇಲೆ ಎಲ್ಲರೂ ಎದ್ದು ನಡೆಯುವರು. ಈ ಕಥೆಯನ್ನು ನಾವು ಮೊದಲು ಒಂದು ಮನೆಯ ಸಂಜೆಕೂಟದಲ್ಲಿ ಹೇಳಿದಾಗ ಆ ಯೌವನಸ್ಥನ ತಾಯಿಯು ಅಲ್ಲಿದ್ದಳು. ಅವರು ಆಕೆಯನ್ನು ಬಿಟ್ಟು ಯಾಕೆ ಓಡಿಹೋಗಲಿಲ್ಲವೆಂದು ಕೇಳಿದಳು. ದಾರಿ ಬಲ್ಲವಳು ಆಕೆಯೊಬ್ಬಳೇ ಎಂದು ನಾವು ಹೇಳಿದೆವು. ಆ ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, ಮನೆಯ ಲೆಕ್ಕಪತ್ರವನ್ನೂ ಬಾವಿಯ ಪಂಪಿನ ರಿಪೇರಿಯನ್ನೂ ಬಲ್ಲವನು ತನ್ನ ಮಗನೊಬ್ಬನೇ ಎಂದಳು. ಈಗ ಆತನು ಆರಾಧನೆಗೆ ಬಂದು ಬಾಗಲ ಬಳಿಯಲ್ಲಿ, ಗಾಳಿಯಾಡುವ ಕಡೆಯಲ್ಲಿ ಕೂರುತ್ತಾನೆ. ಡೋಲಕ್ಕಿನವನು ಎದುರಿನ ಮೂಲೆಗೆ ಹೋಗಿದ್ದಾನೆ. ನಡುವೆ ಎದ್ದು ಹೋದರೆ ಯಾರೂ ತಿರುಗಿ ನೋಡುವದಿಲ್ಲ. ಪ್ರಾರ್ಥನೆಯ ಮಾತಿಗಾಗಿ ನಾವು ಆತನ ಮನೆಗೆ ಹೋಗಿ ಕ್ಷಮೆ ಬೇಡಿದೆವು.

1854ರ ಕ್ರಿಸ್ತಜಯಂತಿಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆವು. ಹಬ್ಬದ ಮರುದಿನ ಆಕೆಯ ಮೂವರು ಅಣ್ಣತಮ್ಮಂದಿರನ್ನು ಮಾರುವದಾಗಿ ಗೊತ್ತಾಗಿತ್ತು. ಹ್ಯಾರಿಯೆಟ್ಟಳು ಹಬ್ಬದ ಹಿಂದಿನ ರಾತ್ರಿ ಅವರನ್ನು ಹೊರಡಿಸಿ, ತಾಯಿತಂದೆಗಳ ಗುಡಿಸಲಿನ ಬಳಿಯಲ್ಲಿದ್ದ ಜೋಳದ ತೆನೆಯ ಕಣಜದಲ್ಲಿ ಅಡಗಿಸಿದಳು. ತಂದೆಗೆ ಮಾತ್ರ ತಿಳಿಸಿದರು. ತಾಯಿಗೆ ತಿಳಿಸಿದರೆ ಅವಳ ಅಳುವಿನಿಂದ ಊರೇ ಏಳುವದೆಂದು ಹೆದರಿದರು. ಆ ತಾಯಿಯು ಹಬ್ಬದೂಟಕ್ಕೆ ಗಂಡುಮಕ್ಕಳು ಬರುವರೆಂದು ದಿನವೆಲ್ಲಾ ದಾರಿ ನೋಡಿ, ಸಂಜೆಗೆ ಒಲೆಯ ಮುಂದೆ ತಲೆಯ ಮೇಲೆ ಕೈಹೊತ್ತು ಕೂತಿದ್ದಳು. ಮಕ್ಕಳು ಗೋಡೆಯ ಸಂದಿನಿಂದ ಅವಳನ್ನು ನೋಡಿ ಕಣ್ಣೀರಿಟ್ಟು ಹೋದರು. ತಂದೆಯು ಅವರನ್ನು ಸ್ವಲ್ಪ ದೂರ ಕಳುಹಿಸಲು ಬಂದಾಗ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಿದ್ದನು. ಯಾರಾದರೂ ಕೇಳಿದರೆ ಮಕ್ಕಳನ್ನು ನೋಡಲಿಲ್ಲವೆಂದು ಸುಳ್ಳಾಡದೆ ಹೇಳಬೇಕಲ್ಲವೇ. ಮೂರು ವರುಷಗಳ ನಂತರ, 1857ರಲ್ಲಿ, ಆಕೆಯು ವೃದ್ಧರಾದ ಆ ತಾಯಿತಂದೆಗಳನ್ನೂ ಒಂದು ಹಳೆಯ ಕುದುರೆಯ ಬಂಡಿಯಲ್ಲಿ ಕೂರಿಸಿಕೊಂಡು ಬಿಡುಗಡೆಯ ದೇಶಕ್ಕೆ ತಂದಳು. 1859ರಲ್ಲಿ ನ್ಯೂಯಾರ್ಕ್ ಸೀಮೆಯ ಆಬರ್ನ್ ಎಂಬ ಊರಿನಲ್ಲಿ 7 ಎಕರೆ ಹೊಲವನ್ನೂ ಮನೆಯನ್ನೂ 1,200 ಡಾಲರಿಗೆ ಕೊಂಡಳು. ಮಾರಿದವನು ವಿಲಿಯಂ ಸೀವರ್ಡ್ ಎಂಬ ರಾಜ್ಯಸಭೆಯ ಸದಸ್ಯನು.

ದಾಸತ್ವದ ವಿಷಯವಾಗಿ ಆ ದೇಶದಲ್ಲಿ ಅಂತರ್ಯುದ್ಧ ಎದ್ದಾಗ ಆಕೆಯು 1862ರಲ್ಲಿ ದಕ್ಷಿಣ ಕ್ಯಾರೊಲೈನಾ ಸೀಮೆಗೆ ಹೋಗಿ ಗಾಯಾಳುಗಳ ಶುಶ್ರೂಷೆ ಮಾಡಿದಳು. ಆಮಶಂಕೆಯಿಂದ ಸಾಯುತ್ತಿದ್ದವರಿಗೆ ಬೇರುಗಳ ಕಷಾಯ ಮಾಡಿಕೊಟ್ಟಳು. ಹಗಲು ಆಸ್ಪತ್ರೆಯ ಸೇವೆ. ರಾತ್ರಿಯಲ್ಲಿ ಹೊಟ್ಟೆಪಾಡಿಗಾಗಿ ಸಿಹಿ ತಿನಿಸುಗಳನ್ನು ಬೇಯಿಸಿ ಮಾರಾಟಕ್ಕೆ ಕಳುಹಿಸುವಳು. 1863ರ ಜೂನ್ 2ರಂದು ಕರ್ನಲ್ ಮಾಂಟ್ಗೊಮೆರಿ ಎಂಬವನ ಸೈನ್ಯವು ಕೊಂಬಾಹೀ ನದಿಯ ಮೇಲೆ ಹಡಗುಗಳಲ್ಲಿ ಹೋದಾಗ ಮುಂದಾಗಿ ಗುಪ್ತಸಮಾಚಾರ ಕೂಡಿಸಿ ದಾರಿ ತೋರಿಸಿದವಳು ಈಕೆಯೇ. ಒಂದೇ ರಾತ್ರಿಯಲ್ಲಿ 700ಕ್ಕೂ ಹೆಚ್ಚು ದಾಸರು ಬಿಡುಗಡೆಯಾದರು. 1865ರಲ್ಲಿ ದಾಸತ್ವವು ಆ ದೇಶದಿಂದಲೇ ಹೋಯಿತು. ಅದೇ ವರುಷ ಈಕೆಯು ರೈಲಿನಲ್ಲಿ ಊರಿಗೆ ಮರಳುವಾಗ, ಕಪ್ಪು ಹೆಂಗಸೆಂದು ರೈಲಿನ ಅಧಿಕಾರಿಯು ಆಕೆಯನ್ನು ಎಳೆದುಹಾಕಿ ತೋಳಿಗೆ ಪೆಟ್ಟು ಮಾಡಿದನು. ಸೇವೆಗಾಗಿ ಸರಕಾರದ ಹಣವೂ ಬಹುಕಾಲ ಸಿಕ್ಕಲಿಲ್ಲ. 1869ರಲ್ಲಿ ಆಕೆಯು ನೆಲ್ಸನ್ ಡೇವಿಸ್ ಎಂಬ ಸಿಪಾಯಿಯನ್ನು ಮದುವೆಯಾಗಿ, ಕ್ಷಯರೋಗದ ಆತನನ್ನು 1888ರಲ್ಲಿ ಆತನು ಸಾಯುವ ವರೆಗೂ ನೋಡಿಕೊಂಡಳು.

ಇಷ್ಟೆಲ್ಲಾ ವರುಷಗಳಲ್ಲಿಯೂ ತಲೆನೋವು ಇದ್ದೇ ಇತ್ತು. ಸುಮಾರು 75 ವರುಷದವಳಾದಾಗ, 1890ರ ದಶಕದ ಕೊನೆಯಲ್ಲಿ, ಅದು ತಾಳಲಾರದಷ್ಟಾಯಿತು. ರಾತ್ರಿ ನಿದ್ದೆಯೇ ಇಲ್ಲದೆ ಹೋಯಿತು. ಆಗ ಆಕೆಯು ಬಾಸ್ಟನ್ ಪಟ್ಟಣದಲ್ಲಿ ಮ್ಯಾಸಚೂಸೆಟ್ಸ್ ಜನರಲ್ ಹಾಸ್ಪಿಟಲ್ ಎಂಬ ದೊಡ್ಡ ಆಸ್ಪತ್ರೆಗೆ ತಾನಾಗಿ ಹೋಗಿ, ವೈದ್ಯನಿಗೆ ತನ್ನ ತಲೆಯನ್ನು ತೋರಿಸಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಳು. ರೋಗಿಗೆ ಮಂಪರು ಔಷಧ ಕೊಟ್ಟು ನೋವಿಲ್ಲದೆ ಕೊಯ್ಯಬಹುದೆಂದು 1846ರಲ್ಲಿ ಲೋಕದ ಎದುರಿಗೆ ತೋರಿಸಿದ್ದು ಇದೇ ಆಸ್ಪತ್ರೆಯಲ್ಲಿ. ಆದರೂ ಹ್ಯಾರಿಯೆಟ್ಟಳು ಆ ಔಷಧವನ್ನು ಒಲ್ಲದೆ, ಯುದ್ಧದಲ್ಲಿ ಸಿಪಾಯಿಗಳು ಮಾಡುತ್ತಿದ್ದ ಹಾಗೆ ಗುಂಡನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮಲಗಿದಳೆಂದು ಆಕೆಯ ಬಾಯಿಂದ ಕೇಳಿದವರು ಬರೆದಿದ್ದಾರೆ. ಬುರುಡೆಯನ್ನು ತೆರೆದು ಎತ್ತಿದ ಮೇಲೆ ತಲೆಗೆ ಹಾಯೆನಿಸಿತೆಂದು ಆಕೆಯು ಹೇಳಿದಳಂತೆ.

ಇದನ್ನು ಓದಿ ಯಾರೂ ತಪ್ಪು ತಿಳಿಯಬಾರದು. ಔಷಧವನ್ನು ಒಲ್ಲೆನೆಂದದ್ದು ಆಕೆಯ ಗಟ್ಟಿತನವೇ ಹೊರತು ನಮಗೆ ಮಾದರಿಯಲ್ಲ. ನಾವು ಮಾದರಿಯಾಗಿ ಹಿಡಿಯುವದು ಆ ವೃದ್ಧೆಯು ತಾನಾಗಿ ಆಸ್ಪತ್ರೆಯ ಮೆಟ್ಟಲು ಹತ್ತಿದ್ದನ್ನು. ಜೀವಮಾನವೆಲ್ಲಾ ದೇವರ ಸಂಗಡ ಮಾತಾಡಿದವಳು ವೈದ್ಯನ ಬಳಿಗೆ ಹೋಗುವದನ್ನು ಅವಿಶ್ವಾಸವೆಂದು ಎಣಿಸಲಿಲ್ಲ. ಇದಲ್ಲದೆ, ಪೆಟ್ಟಿನಿಂದ ಬಂದ ತಲೆನೋವು ಬಹುಮಂದಿಗೆ ಕೆಲವು ವಾರಗಳಲ್ಲಿಯೋ ಮೂರು ತಿಂಗಳೊಳಗಾಗಿಯೋ ತಾನೇ ಇಳಿಯುತ್ತದೆ, ಕೊಯ್ಯುವ ಅಗತ್ಯ ಬೀಳುವದಿಲ್ಲ. ಕೆಲವರಲ್ಲಿ ಮಾತ್ರ ಅದು ಉಳಿಯುತ್ತದೆ. ಬೆಳಕು, ಸದ್ದು, ನಿದ್ದೆಗೇಡು, ಉಪವಾಸ ಇವು ಅದನ್ನು ಕೆರಳಿಸುತ್ತವೆ. ಒಂದೆರಡು ದಿವಸ ವಿಶ್ರಮಿಸಿ, ಬಳಿಕ ಸ್ವಲ್ಪಸ್ವಲ್ಪವಾಗಿ ಕೆಲಸಕ್ಕೆ ತಿರುಗಬೇಕೆಂದು ವೈದ್ಯರು ಹೇಳುತ್ತಾರೆ. ನಮ್ಮ ಯೌವನಸ್ಥನು ಮಾಡಿದ ಒಂದು ತಪ್ಪನ್ನು ಆತನ ಒಪ್ಪಿಗೆಯಿಂದ ಬರೆಯುತ್ತೇವೆ. ಆತನು ಕಿರಾಣಿ ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾಲು ನುಂಗುತ್ತಿದ್ದನು. ತಿಂಗಳಿಗೆ 10–15 ದಿವಸಗಳಿಗಿಂತ ಹೆಚ್ಚು ಇಂಥ ಗುಳಿಗೆ ನುಂಗಿದರೆ ಆ ಗುಳಿಗೆಯೇ ತಲೆನೋವನ್ನು ಹುಟ್ಟಿಸುತ್ತದೆಂದು ಬೀದರದಲ್ಲಿ ವೈದ್ಯರು ತಿಳಿಸಿದ ಮೇಲೆ, ಅವರ ಮಾತಿನಂತೆ ಅದನ್ನು ಬಿಟ್ಟು ಬೇರೆ ಔಷಧ ಹಿಡಿದಿದ್ದಾನೆ. ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಗಳಿಗೆ ಗೆರೆ ಎಳೆಯುತ್ತಾನೆ. ನೋವು ಪೂರ್ಣವಾಗಿ ಹೋಗಿಲ್ಲ, ಗೆರೆಗಳು ಕಡಿಮೆಯಾಗಿವೆ. ಆದರೆ ತಲೆಗೆ ಪೆಟ್ಟು ಬಿದ್ದವನಿಗೆ ನೋವು ಏರುತ್ತಾ ಹೋದರೆ, ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕೈಯೋ ಕಾಲೋ ಬಲಗುಂದಿದರೆ, ಮೂರ್ಛೆ ಬಂದರೆ, ಕಿವಿಮೂಗುಗಳಿಂದ ರಕ್ತವೋ ನೀರೋ ಇಳಿದರೆ, ಬೆಳಗಾಗುವ ವರೆಗೆ ಕಾಯದೆ 108ಕ್ಕೆ ಕರೆಮಾಡಿ ಭಾಲ್ಕಿಯ ಅಥವಾ ಔರಾದದ ತಾಲ್ಲೂಕು ಆಸ್ಪತ್ರೆಗಾಗಲಿ ಬೀದರಕ್ಕಾಗಲಿ ಒಯ್ಯಬೇಕು. ಮೂರ್ಛೆಯಲ್ಲಿರುವವನ ಕೈಗೆ ಕಬ್ಬಿಣ ಕೊಡುವದರಿಂದಲೂ ಬಾಯಿಗೆ ಏನಾದರೂ ತುರುಕುವದರಿಂದಲೂ ಪ್ರಯೋಜನವಿಲ್ಲ, ಮಗ್ಗುಲಾಗಿ ಮಲಗಿಸಬೇಕು.

ಆಬರ್ನ್ ಊರಿನ ಮನೆಯಲ್ಲಿ ಹ್ಯಾರಿಯೆಟ್ಟಳು ಹಂದಿ ಸಾಕಿ, ಕಾಯಿಪಲ್ಯ ಬೆಳೆದು, ದಿಕ್ಕಿಲ್ಲದ ಮುದುಕರನ್ನೂ ಕುರುಡರನ್ನೂ ಸಾಕಿದಳು. ಅವರಿಗೊಂದು ಆಶ್ರಮ ಕಟ್ಟಬೇಕೆಂಬದು ಆಕೆಯ ಬಹುಕಾಲದ ಆಶೆ. 1896ರಲ್ಲಿ ಮಗ್ಗುಲಿನ 25 ಎಕರೆ ಹೊಲವನ್ನು ಹರಾಜಿನಲ್ಲಿ ಹಿಡಿದಳು. ಅದನ್ನು ನಡಿಸಲು ಹಣ ಸಾಲದೆ 1903ರಲ್ಲಿ ತನ್ನ ಸಭೆಗೆ, ಅಂದರೆ ಆಫ್ರಿಕನ್ ಮೆಥೊಡಿಸ್ಟ್ ಎಪಿಸ್ಕೊಪಲ್ ಝಯನ್ ಸಭೆಗೆ, ಬರೆದುಕೊಟ್ಟಳು. ನಮ್ಮ ಬೀದರ ಸೀಮೆಗೆ ಸುವಾರ್ತೆ ತಂದ ಮೆಥೊಡಿಸ್ಟ್ ಮಿಶನ್ನಿನವರೂ ಅದೇ ಅಮೇರಿಕಾದವರು. ಆ ಹಳೆಯ ಮೆಥೊಡಿಸ್ಟ್ ಸಭೆಯಲ್ಲಿ ಕಪ್ಪು ಜನರನ್ನು ಕೀಳಾಗಿ ನಡಿಸಿದ್ದರಿಂದಲೇ ಅವರು ನ್ಯೂಯಾರ್ಕ್ ಪಟ್ಟಣದಲ್ಲಿ 1796ರಲ್ಲಿ ಬೇರೆಯಾಗಿ ಕೂಡಲಾರಂಭಿಸಿದರೆಂಬದನ್ನು ಮೆಥೊಡಿಸ್ಟರಾದ ನಾವು ಮುಚ್ಚಿಡಬಾರದು. ಆಶ್ರಮವು 1908ರಲ್ಲಿ ತೆರೆಯಿತು. ಒಳಗೆ ಸೇರುವವರು 100 ಡಾಲರು ಕಟ್ಟಬೇಕೆಂದು ಸಭೆಯವರು ನಿಯಮ ಮಾಡಿದಾಗ ಆಕೆಗೆ ಸಿಟ್ಟು ಬಂತು. ಒಂದು ಕಾಸೂ ಇಲ್ಲದವರನ್ನೇ ಸೇರಿಸಬೇಕೆಂಬದು ಆಕೆಯ ನಿಯಮವಾಗಿತ್ತು.

1911ರಲ್ಲಿ ಶಕ್ತಿ ಕುಂದಿದ ಆಕೆಯೂ ಅದೇ ಆಶ್ರಮಕ್ಕೆ ಬಂದು ಸೇರಿದಳು. 1913ರ ಮಾರ್ಚ್ 10ರಂದು ನ್ಯುಮೋನಿಯಾ ಜ್ವರದಿಂದ, ಬಂಧುಗಳೂ ಸಭಾಪಾಲಕರೂ ಮಂಚದ ಸುತ್ತಲೂ ಇದ್ದು, ಅವರ ಸಂಗಡ ಹಾಡುತ್ತಾ ಪ್ರಾಣಬಿಟ್ಟಳು. ಆಕೆಯನ್ನು ಆಬರ್ನ್ ಊರಿನ ಫೋರ್ಟ್ ಹಿಲ್ ಎಂಬ ಸಮಾಧಿಯ ತೋಟದಲ್ಲಿ, ಯುದ್ಧದಲ್ಲಿ ಸೇವೆಮಾಡಿದವರಿಗೆ ಸಲ್ಲುವ ಮರ್ಯಾದೆಯಿಂದ ಹೂಣಿಟ್ಟರು.